ತೀರ್ಪಿಗಿಂತ ಮೊದಲು ಜನ ಏನಂತಿದ್ದರು?

ಹೊಳಲ್ಕೆರೆಯ ಗೆಳೆಯರಿಗೆ,

ದಾವಣಗೆರೆಯ ನಮ್ಮ ಪತ್ರಿಕೆಗೆ ನೀವು ಕಳಿಸಿದ 'ಕೋರ್ಟ್ ಹೇಳಿತು, ಜನ ಬದಲಾದರು' ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗಲ್ಲ. ಬೇಜಾರು ಮಾಡ್ಕೋಬೇಡಿ, ಕಾರಣ ಹೇಳುತ್ತೇನೆ.

ನಿಮ್ಮ ವಾದ ಇಷ್ಟು: 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಅದಿರು ತೆಗೆಯುವುದನ್ನು ನಿಲ್ಲಿಸಿತು, ಆಮೇಲೆ ಜನ ಗಣಿಗಾರಿಕೆಯ ವಿರುದ್ಧ ತಿರುಗಿದರು. ಅದಕ್ಕೂ ಮೊದಲು? 2010ರಲ್ಲೇ ಅಕ್ರಮ ಗಣಿಗಾರಿಕೆಯ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಕಾಂಗ್ರೆಸ್ ಪಾದಯಾತ್ರೆ ಹೋಗಿತ್ತು. 2011ರ ಜುಲೈ 27ಕ್ಕೆ ಆ ಅಕ್ರಮದ ಬಗ್ಗೆ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಬಂತು. 29ಕ್ಕೆ ಇದೇ ಕೋರ್ಟಿನ ಆದೇಶದಿಂದ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಂತಿತು. 31ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ನಿಮ್ಮ ಜಿಲ್ಲೆಯ ಆದೇಶ ಬರುವ ಹೊತ್ತಿಗೆ ಇಷ್ಟೆಲ್ಲ ಆಗಿಹೋಗಿತ್ತು. ಇದರಲ್ಲಿ ಕೋರ್ಟಿನ ಪಾಲೆಷ್ಟು, ವರದಿಯ ಪಾಲೆಷ್ಟು, ಟೀವಿಯವರ ಪಾಲೆಷ್ಟು? ಬಿಡಿಸಿ ನೋಡದೆ ಎಲ್ಲವನ್ನೂ ಜಡ್ಜ್‌ಗಳ ಖಾತೆಗೆ ಬರೆದುಬಿಟ್ಟಿದ್ದೀರಿ.

ತೀರ್ಪು ಉಲ್ಟಾ ಹೊಡೆದದ್ದೂ ಇದೆ. 2014ರ ಮೇನಲ್ಲಿ ಇದೇ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ನಿಷೇಧಿಸಿತು. ಜನ ಒಪ್ಪಿದರಾ? 2017ರ ಜನವರಿಯಲ್ಲಿ ಚೆನ್ನೈನ ಮರೀನಾ ಬೀಚ್ ತುಂಬಿಹೋಯಿತು. ತಮಿಳುನಾಡು ಕಾನೂನು ತಿದ್ದಿತು, ಕಂಬಳಕ್ಕಾಗಿ ನಾವೂ ತಿದ್ದಿದೆವು. 2023ರ ಮೇನಲ್ಲಿ ಕೋರ್ಟೇ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಹೋರಿ ಬೆದರಿಸುವ ಸೀಮೆಯ ಮಗ್ಗುಲಲ್ಲೇ ಕೂತು ಬರೆಯುವವರಿಗೆ ಇದು ನೆನಪಾಗಬೇಕಿತ್ತು, ಅಲ್ವಾ?

ಇನ್ನೊಂದು ವಿಷಯ. ತೀರ್ಪನ್ನು ಜನ ಓದಲ್ಲ. (ವಕೀಲರೇ ಪೂರ್ತಿ ಓದ್ತಾರೋ ಇಲ್ವೋ.) ಅವರಿಗೆ ಸಿಗುವುದು ಟೀವಿಯ ಒಂದು ಸಾಲು, ತಮ್ಮ ಕಡೆಯ ಮುಖಂಡ ಹೇಳಿದ ಅರ್ಥ. ನೀವೇ ನೋಡಿ, 'ಕೋರ್ಟ್ ಗಣಿಗಳನ್ನು ಶಾಶ್ವತವಾಗಿ ಮುಚ್ಚಿಸಿತು' ಎಂದು ಬರೆದಿದ್ದೀರಿ. ತಪ್ಪು. 2013ರ ಏಪ್ರಿಲ್ ತೀರ್ಪಿನಲ್ಲಿ ರದ್ದಾದದ್ದು ಅಕ್ರಮ ಜಾಸ್ತಿ ಇದ್ದ ಸಿ ವರ್ಗದ ಗುತ್ತಿಗೆಗಳು. ಅಕ್ರಮ ಇಲ್ಲದ ಅಥವಾ ಕಡಿಮೆ ಇದ್ದ ಎ, ಬಿ ವರ್ಗಕ್ಕೆ ಷರತ್ತಿನ ಮೇಲೆ ಅವಕಾಶ ಸಿಕ್ಕಿತು. ಮೂರು ಜಿಲ್ಲೆ ಸೇರಿ ವರ್ಷಕ್ಕೆ 3 ಕೋಟಿ ಟನ್ ಎಂಬ ಮಿತಿ ಬಿತ್ತು. ಯಾರೋ ಹೇಳಿದ್ದನ್ನು ನೀವೂ ನಂಬಿದಿರಿ. ಸಾವಿರಾರು ಜನ ಹೀಗೇ ನಂಬಿರುತ್ತಾರೆ, ಅದನ್ನು ಬರೆಯಿರಿ.

ಐದನೇ ಪುಟದಲ್ಲಿ ನನಗೆ ಲೇಖನ ಸಿಕ್ಕಿತು. ಭೀಮಸಮುದ್ರದ ತೋಟದಲ್ಲಿ ನಿಮ್ಮ ಅತ್ತೆ, ಅದಿರಿನ ಧೂಳಿನ ಕಾಲದಲ್ಲಿ ಊಟಕ್ಕೆ ಬಾಳೆಎಲೆ ಕೊಯ್ದರೆ ಎರಡು ಸಲ ತೊಳೆಯಬೇಕಿತ್ತು, ಮೊದಲ ಸಲದ ನೀರು ಕೆಂಪಗೆ ಇಳಿಯುತ್ತಿತ್ತು ಅಂತಾರೆ. ಅದೇ ಮನೆಯ ಅಂಗಳದಲ್ಲಿ ಸೋದರಮಾವ ಸಾಲ ಮಾಡಿ ತಂದ ಲಾರಿ ಕೆಲಸವಿಲ್ಲದೆ ನಿಂತಿತ್ತು, ಕಂತು ಕಟ್ಟಲು ದಾರಿ ಇರಲಿಲ್ಲ. ಒಂದು ಆದೇಶಕ್ಕೆ ಒಂದೇ ಮನೆಯಲ್ಲಿ ಎರಡು ಮಾತು! ಇದನ್ನು ನಾಲ್ಕೇ ಸಾಲಲ್ಲಿ ಮುಗಿಸಿ, ನ್ಯಾಯಾಂಗದ ಹಿರಿಮೆಯ ಭಾಷಣಕ್ಕೆ ಓಡಿದ್ದೀರಿ. ಆ ಭಾಷಣ ಪೂರ್ತಿ ಹೊಡೆದುಹಾಕಿ. ಮೊದಲ ಎರಡು ಪುಟವೂ ಬೇಡ.

ಮಾವನನ್ನು ಮತ್ತೆ ಕೇಳಿ. ಆದೇಶದ ಸುದ್ದಿ ಮೊದಲು ಯಾರು ಹೇಳಿದರು? ಅವತ್ತು ಅವರು ಏನಂದರು, ಗಣಿ ಮತ್ತೆ ಶುರುವಾದಾಗ ಏನಂದರು? ಅತ್ತೆಯನ್ನೂ ಕೇಳಿ, ಆದರೆ ಮಾವ ಎದುರಿಗಿಲ್ಲದಾಗ. 800 ಪದ ಸಾಕು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ, ಕೈಬರಹದ ಫೋಟೋ ಬೇಡ.