ಲಕ್ಕಿ ಡಿಪ್ ಪುಸ್ತಕ ಮನೆಗೆ ಬಂದಿದೆ, ಏನು ಮಾಡಲಿ?

ಪ್ರಶ್ನೆ: ಕೊಡಗಿನ ಆಯುಧ ಪೂಜೆಯಾದ ಕೈಲ್ ಪೊಳ್ದ್ ಹಬ್ಬದ ವಾರ ನಮ್ಮೂರ ಸಂಘದವರು ಸಂತೋಷಕೂಟ ಇಟ್ಟುಕೊಂಡಿದ್ದಾರೆ. ಶಾಲೆಯ ಸೋರುವ ಮಾಡಿನ ರಿಪೇರಿಗೆ ಹಣ ಕೂಡಿಸಬೇಕಂತೆ. ಮನೆಗೊಂದರಂತೆ 20 ಟಿಕೆಟಿನ ಲಕ್ಕಿ ಡಿಪ್ ಪುಸ್ತಕ ಕೊಟ್ಟು ಹೋಗಿದ್ದಾರೆ. ಒಂದಕ್ಕೆ 100 ರೂಪಾಯಿ, ಮೊದಲ ಬಹುಮಾನ ಸ್ಕೂಟರ್. ತೋಟದ ಕೆಲಸದವರಿಗೆ ಮಾರಿ, ಉಳಿದ ಟಿಕೆಟ್ ನೀವೇ ಕೊಂಡುಕೊಳ್ಳಿ ಎನ್ನುತ್ತಾರೆ. ಬೇಡ ಅಂದರೆ ಊರಲ್ಲಿ ಬೇಜಾರು. ಏನು ಮಾಡಲಿ?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಮೊದಲು ಕೆಲಸದವರ ವಿಷಯ. ದಯವಿಟ್ಟು ಅವರಿಗೆ ಮಾರಬೇಡಿ. ಮಾಲೀಕರೇ ಪುಸ್ತಕ ಹಿಡಿದು ಲೈನ್ ಮನೆ ಮುಂದೆ ನಿಂತರೆ ಅವರು ಬೇಡ ಅನ್ನುವುದು ಹೇಗೆ? ಟಿಕೆಟಿನ ದುಡ್ಡನ್ನು ಬಟವಾಡೆಯಲ್ಲೇ ಮುರಿದುಕೊಳ್ಳುವವರನ್ನು ನಾನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಅದು ಅವರ ಸಂತೆ ದುಡ್ಡು.

ಎರಡನೆಯದು, ಪೊಲೀಸ್ ಠಾಣೆಯಲ್ಲೋ ವಕೀಲರ ಹತ್ತಿರವೋ ವಿಚಾರಿಸಿದ್ದೀರಾ ಅಂತ ಸಂಘದವರನ್ನು ಕೇಳಿ. ಲಕ್ಕಿ ಡಿಪ್ ಅನ್ನಿ, ಕೂಪನ್ ಅನ್ನಿ, 1998ರ ಲಾಟರಿ ಕಾಯ್ದೆಗೆ ಹೆಸರು ಮುಖ್ಯ ಅಲ್ಲ. ಟಿಕೆಟ್ ಕೊಂಡವರಿಗೆ ಚೀಟಿ ಎತ್ತಿ ಬಹುಮಾನ ಹಂಚಿದರೆ ಅದು ಲಾಟರಿಯೇ. ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತಿದೆ. ಗಡಿಯ ಮಾಕುಟ್ಟ ದಾಟಿದರೆ ಸಿಗುವ ಟಿಕೆಟ್ ಕೇರಳ ಸರ್ಕಾರದ್ದು, ಅದರ ಮಾತೇ ಬೇರೆ. ಒಳ್ಳೆ ಕೆಲಸಕ್ಕೆ ಅಂದ ಮಾತ್ರಕ್ಕೆ ಯಾರೂ ಬಿಟ್ಟುಬಿಡುವುದಿಲ್ಲ. ವಿಚಾರಿಸಿಲ್ಲ ಅಂದರೆ ಇಡೀ ಪುಸ್ತಕ ವಾಪಸ್ ಕೊಡಿ. ಜೊತೆಗೆ ಶಾಲೆಯ ಮಾಡಿಗೆ ಅಂತ ನಿಮ್ಮ ಕೈಲಾದಷ್ಟು ಕೊಟ್ಟು ರಸೀದಿ ಪಡೆಯಿರಿ. ಆಗ ಬೇಜಾರು ಮಾಡಿಕೊಳ್ಳುವವರಿಗೂ ಮಾತಿರುವುದಿಲ್ಲ, ಅಲ್ವಾ?

ಅನುಮತಿ ಎಲ್ಲ ಸರಿ ಇದ್ದರೂ ಸುಮ್ನೆ ಇಪ್ಪತ್ತೂ ಕೊಳ್ಳಬೇಡಿ. ಬಹುಮಾನವೇ ಇಲ್ಲದಿದ್ದರೆ ಎಷ್ಟು ಕೊಡುತ್ತಿದ್ದಿರೋ ಅಷ್ಟಕ್ಕೆ ಮಾತ್ರ ಕೊಳ್ಳಿ. ಉಳಿದವನ್ನು ಕೌಂಟರ್‌ಫಾಯಿಲ್ ಸಮೇತ ಡ್ರಾಗೆ ಮುಂಚೆ ಹಿಂದಿರುಗಿಸಿ, ನಂಬರ್ ಬರೆಸಿ ಸಹಿ ಹಾಕಿಸಿಕೊಳ್ಳಿ. ಮಾರದ ನಂಬರ್ ಡಬ್ಬಿಗೆ ಬಿದ್ದರೆ ಆಮೇಲೆ ಜಗಳ.

ಡ್ರಾ ಹೊತ್ತಿಗೆ ಡಬ್ಬಿ ಹತ್ತಿರವೇ ನಿಲ್ಲಿ. ನಮ್ಮೂರ ಕೂಟಗಳಲ್ಲಿ ಲೆಕ್ಕ ಬರೆಯುವವಳಾಗಿ ಹೇಳುತ್ತೇನೆ, ಸೆಪ್ಟೆಂಬರ್ ಮಳೆಯ ತೇವಕ್ಕೆ ಚೀಟಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಡಬ್ಬಿ ಎಷ್ಟು ಕುಲುಕಿದರೂ ಕೊನೆಗೆ ಹಾಕಿದ ಕಟ್ಟು ಮೇಲೇ ಕೂತಿರುತ್ತದೆ. ಮಗು ಕೈ ಹಾಕಿದರೆ ಸಿಗುವುದು ಅದೇ. ನಾವು ಚೀಟಿಗಳನ್ನೆಲ್ಲ ಹಿಂದಿನ ದಿನ ಒಲೆ ಪಕ್ಕದ ಮೊರದಲ್ಲಿ ಹರಡಿ ಒಣಗಿಸುತ್ತೇವೆ. ಎಲ್ಲವನ್ನೂ ಒಂದೇ ರೀತಿ ಮಡಚಿ, ಎಲ್ಲರೆದುರು ಮೇಜಿನ ಮೇಲೆ ಸುರಿದು ಕಲಸಿ, ಮತ್ತೆ ಡಬ್ಬಿಗೆ ತುಂಬುತ್ತೇವೆ.

ಈ ಸ್ಕೂಟರ್ ಮಾತ್ರ ನನಗೆ ಹಿಡಿಸಲಿಲ್ಲ. ದಾನವಾಗಿ ಬಂದಿದ್ದರೆ ಸರಿ. ಸಂಘವೇ ಕೊಂಡಿದ್ದರೆ, ಸಾವಿರ ಟಿಕೆಟ್ ಮಾರಿ ಬಂದ ಒಂದು ಲಕ್ಷದಲ್ಲಿ ಮಾಡಿಗೆ ಉಳಿಯುವುದೆಷ್ಟು? ಅದೂ ಅಲ್ಲದೆ 10,000 ರೂಪಾಯಿಗಿಂತ ಜಾಸ್ತಿ ಬೆಲೆಯ ಬಹುಮಾನಕ್ಕೆ ಶೇ. 30 ತೆರಿಗೆ ಇದೆ. ವಸ್ತು ಕೊಡುವ ಮೊದಲೇ ಅದನ್ನು ಕಟ್ಟಬೇಕು. ಗೆದ್ದವರ ಹತ್ತಿರ ಅಷ್ಟು ದುಡ್ಡು ಇರಬೇಕಲ್ಲ? ಮನೆ ಮನೆಯಿಂದ ಕಾಳುಮೆಣಸು, ಜೇನು, ಕಾಫಿಪುಡಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಬಂದ ದುಡ್ಡೆಲ್ಲ ಶಾಲೆಗೇ ಹೋಗುತ್ತದೆ.

ಪಂದಿಕರಿ, ಶಾಮಿಯಾನ, ಮೈಕಿನ ಖರ್ಚು ಕಳೆದು ಎಷ್ಟು ಉಳಿಯಿತು ಅನ್ನುವ ಲೆಕ್ಕವನ್ನು ಯಾವ ತಾರೀಕಿಗೆ ಶಾಲೆಯ ಗೋಡೆಗೆ ಅಂಟಿಸುತ್ತಾರೆ ಅಂತ ಪುಸ್ತಕ ವಾಪಸ್ ಕೊಡುವಾಗಲೇ ಕೇಳಿಬಿಡಿ.