ಬಣ್ಣ ವಾಪಸ್ ಬರುತ್ತಿಲ್ಲವಾ? ಪುಡಿಯನ್ನಲ್ಲ, ಥಿನ್ನರನ್ನು ಬೈಯಿರಿ

ಸರ್, ಥರ್ಮೋಕ್ರೋಮಿಕ್ ನೀಲಿ ಪುಡಿಯನ್ನು (ಬಿಸಿಯಾದರೆ ಬಣ್ಣ ಹೋಗಿ, ತಣ್ಣಗಾದರೆ ವಾಪಸ್ ಬರುವಂಥದ್ದು) ಎನ್‌ಸಿ ಲ್ಯಾಕರ್‌ಗೆ, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್‌ಗೆ ಕಲಸಿ, ಗಟ್ಟಿಯಾಯಿತೆಂದು ಥಿನ್ನರ್ ಬೇರೆ ಸುರಿದಿದ್ದೀರಿ. ಈಗ ಬಣ್ಣ ವಾಪಸ್ ಬರುತ್ತಿಲ್ಲ, ಪುಡಿ ಡೂಪ್ಲಿಕೇಟ್ ಅಂತೀರಿ. ಥಿನ್ನರ್ ಹಾಕಿ ಅಂತ ಯಾರು ಹೇಳಿದ್ದು? ನನ್ನದೂ ಒಂದು ಬೋರ್ಡ್ ಹೀಗೇ ಹೋಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಬೋರ್ಡನ್ನು ಫ್ರಿಜ್‌ನಲ್ಲಿ ಇಟ್ಟು ನೋಡಿ. 31 ಡಿಗ್ರಿಯ ಪುಡಿ 31ಕ್ಕೆ ಬಣ್ಣ ಬಿಟ್ಟರೂ, ಅದು ವಾಪಸ್ ಬರುವುದು ಇನ್ನೂ ಕೆಲವು ಡಿಗ್ರಿ ತಣ್ಣಗಾದ ಮೇಲೆ. ಸೆಕೆಗಾಲದಲ್ಲಿ ಎಷ್ಟೋ ಜನ ಇಷ್ಟಕ್ಕೇ ಸುಮ್ನೆ ಗಾಬರಿಯಾಗುತ್ತಾರೆ. ಫ್ರಿಜ್‌ನಲ್ಲೂ ಬರದಿದ್ದರೆ ಪುಡಿಯ ಕಣಗಳ ಕ್ಯಾಪ್ಸೂಲ್ (ಹೊರಗಿನ ಡಬ್ಬಿ) ಒಡೆದಿದೆ, ಆ ಕೋಟ್ ಇನ್ನು ಸರಿಯಾಗುವುದಿಲ್ಲ.

ಯಾಕೆ ಅಂದರೆ, ಒಂದೊಂದು ಕಣವೂ ಕೆಲವೇ ಮೈಕ್ರಾನ್‌ನ ಡಬ್ಬಿ. ಒಳಗೆ ಲ್ಯೂಕೋ ಡೈ, ಅಂದರೆ ಆಮ್ಲ ಅಂಟಿದಾಗ ಮಾತ್ರ ಬಣ್ಣ ತೋರುವ ಡೈ (ನೀಲಿಗೆ ಹೆಚ್ಚಾಗಿ ಕ್ರಿಸ್ಟಲ್ ವಯೊಲೆಟ್ ಲ್ಯಾಕ್ಟೋನ್), ಒಂದು ಮೆದು ಆಮ್ಲ, ಮೇಣದಂಥ ಒಂದು ವಸ್ತು. ಮೇಣ ಗಟ್ಟಿ ಇದ್ದಾಗ ಡೈ ಮತ್ತು ಆಮ್ಲ ಅಂಟಿಕೊಂಡು ನೀಲಿ ಕಾಣುತ್ತದೆ, ಕರಗಿದರೆ ಎರಡೂ ಬಿಟ್ಟುಹೋಗಿ ಬಣ್ಣ ಮಾಯ. ಥಿನ್ನರ್‌ನಲ್ಲಿರುವ ಅಸಿಟೋನ್, ಎಸ್ಟರ್‌ಗಳು ಡಬ್ಬಿಯ ಗೋಡೆಯನ್ನೇ ಕೆಡಿಸುತ್ತವೆ. ಒಳಗಿನದು ಸೋರಿದ ಮೇಲೆ ಬಣ್ಣ ಮಂಕಾಗಿ ಒಂದೇ ಕಡೆ ನಿಂತುಬಿಡುತ್ತದೆ.

ನೀರಿನ ಅಕ್ರಿಲಿಕ್ ಮೀಡಿಯಂ (ಪುಡಿ ಕಲಸುವ ದ್ರವ) ಬಳಸಿ. ನಾನು ಲಿಕ್ವಿಟೆಕ್ಸ್ ಮ್ಯಾಟ್ ಮೀಡಿಯಂ ಬಿಟ್ಟು ಬೇರೆಯದಕ್ಕೆ ಹೋಗುವುದಿಲ್ಲ. ಪುಡಿಗೆ ಮೊದಲು ಎರಡು ಹನಿ ನೀರು, ಮೆತ್ತಗಿನ ಬ್ರಷ್‌ನಲ್ಲಿ ಪೇಸ್ಟ್, ಆಮೇಲೆ ಮೀಡಿಯಂ. ಗಾಜಿನ ಮೇಲೆ ಮಲ್ಲರ್ (ಬಣ್ಣ ಅರೆಯುವ ಗುಂಡು) ಹಾಕಿ ಅರೆಯಲೇಬೇಡಿ, ಗಂಟು ಇದ್ದರೆ ಇರಲಿ, ಜರಡಿ ಹಿಡಿಯಿರಿ. ಅರೆದರೂ ಕ್ಯಾಪ್ಸೂಲ್ ಒಡೆಯುತ್ತದೆ. ಮಾಸ್ಕ್ ಮತ್ತು ಗ್ಲೌಸ್ ಇರಲಿ, ಈ ಪುಡಿಗಳಲ್ಲಿ ಬಿಸ್ಫೆನಾಲ್ ಎ ಇರುವುದು ಸಾಮಾನ್ಯ. ತಟ್ಟೆ ಲೋಟದ ಒಳಗೆ ಬಳಿಯುವ ಯೋಚನೆ ಬೇಡವೇ ಬೇಡ.

ಜೊತೆಗೆ ಸೇರಿಸುವ ಬಣ್ಣದ ಬಗ್ಗೆಯೂ ಯೋಚಿಸಿ. ಸಾದಾ ಹಳದಿ ಅಕ್ರಿಲಿಕ್‌ಗೆ ಈ ನೀಲಿ ಸೇರಿಸಿದರೆ ಹಸಿರು, ಅಂಗೈ ಒತ್ತಿದ ಕಡೆ ಮಾತ್ರ ಬೆರಳುಗಳ ಸಮೇತ ಹಳದಿ ಕೈ ಮೂಡುತ್ತದೆ. ಬರೀ ನೀಲಿ ಬಳಿದರೆ ಅಂಥದ್ದೆಲ್ಲಿ ಸಿಗುತ್ತದೆ?

ಬಿಸಿಲಿಗೆ ಮಾತ್ರ ಇಡಬೇಡಿ, ಬಿಸಿಲಿನ ಯುವಿ (ಅತಿನೇರಳೆ ಕಿರಣ) ಲ್ಯೂಕೋ ಡೈಯನ್ನು ತಿಂದುಹಾಕುತ್ತದೆ. ಯುವಿ ತಡೆಯುವ ವಾರ್ನಿಷ್ ಹಾಕಿ, ಅದೂ ನೀರಿನದೇ, ಬ್ರಷ್‌ನಲ್ಲಿ. ಗೋಲ್ಡನ್‌ನವರ ಎಂಎಸ್‌ಎ ವಾರ್ನಿಷ್ ಒಳ್ಳೆಯದೇ, ಆದರೆ ಅದು ಮಿನರಲ್ ಸ್ಪಿರಿಟ್ ಎಂಬ ಸಾಲ್ವೆಂಟಿನದು, ಈ ಕೆಲಸಕ್ಕೆ ನಾನು ಮುಟ್ಟುವುದಿಲ್ಲ. ಸ್ಪ್ರೇ ಡಬ್ಬಿಗಳಲ್ಲೂ ಹೆಚ್ಚಿನವು ಸಾಲ್ವೆಂಟಿನವೇ, ಲೇಬಲ್ ಓದಿ. ಮುಂದೆ ಬಿಸಿಲಿಗೆ ಬಣ್ಣ ತೋರುವ ಫೋಟೋಕ್ರೋಮಿಕ್ ಪುಡಿ ತಂದರೆ ಅದರ ಮೇಲೆ ಇದೇ ವಾರ್ನಿಷ್ ಬಳಿಯಬೇಡಿ. ಅದಕ್ಕೆ ಯುವಿಯೇ ಬೇಕು, ತಡೆದರೆ ಬಣ್ಣವೇ ಏಳುವುದಿಲ್ಲ ಅಲ್ವಾ?