ಮಗಳ ಕಾಕ್ಲಿಯರ್ ಇಂಪ್ಲಾಂಟ್‌ಗೆ ಕಡಿಮೆ ಬೆಲೆಯ ರೀಚಾರ್ಜಬಲ್ ಬ್ಯಾಟರಿ ಎಲ್ಲಿ ಸಿಗುತ್ತೆ?

ನಿಮ್ಮ ಪ್ರಶ್ನೆ ಇಷ್ಟು: 4 ವರ್ಷದ ಮಗಳಿಗೆ ಸರ್ಕಾರಿ ಯೋಜನೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳದವರಿಗೆ ಒಳಕಿವಿಗೆ ಕೂರಿಸುವ ಸಾಧನ) ಆಪರೇಷನ್ ಆಗಿದೆ, ಕಿಟ್ ಜೊತೆ ಕೊಟ್ಟಿದ್ದ ಬ್ಯಾಟರಿ ಮುಗಿದಿದೆ, ತಿಂಗಳು ತಿಂಗಳು 675 ಸೆಲ್ (ಗುಂಡಿ ಥರದ ಚಿಕ್ಕ ಬ್ಯಾಟರಿ) ಕೊಳ್ಳೋದು ಭಾರ ಆಗ್ತಿದೆ. ಆನ್‌ಲೈನ್‌ನಲ್ಲಿ ಅದೇ ಸೈಜಿನ ರೀಚಾರ್ಜಬಲ್ ಸೆಲ್ ನೋಡಿದ್ದೀರಿ, ತೊಗೊಳ್ಳಲಾ ಅಂತ ಕೇಳಿದ್ದೀರಿ.

ತೊಗೊಳ್ಳಬೇಡಿ. ಬಟನ್ ಸೆಲ್ ರೂಪದ ರೀಚಾರ್ಜಬಲ್ ನಿಮ್ಮ ಮಗಳ ಮೆಷಿನ್‌ಗೆ ಆಗಿಬರಲ್ಲ. ಹಾಗಂತ ಖರ್ಚು ಇಳಿಸೋಕೆ ದಾರಿನೇ ಇಲ್ಲ ಅಂತೇನೂ ಇಲ್ಲ. ನನ್ನ ಮಗನೂ ಇಂಪ್ಲಾಂಟ್ ಹಾಕಿಕೊಂಡೇ ಮಾತು ಕಲಿತವನು, ಈಗ ಶಾಲೆಗೆ ಹೋಗ್ತಾನೆ. ಈ ಬ್ಯಾಟರಿ ಲೆಕ್ಕ ನಮ್ಮ ಮನೆಯಲ್ಲಿ ಹಾಲಿನ ಲೆಕ್ಕದ ಹಾಗೆ ದಿನಾ ಇರುವಂಥದ್ದು. ಗೊತ್ತಿರುವುದನ್ನೆಲ್ಲ ಬರೆಯುತ್ತೇನೆ, ಸ್ವಲ್ಪ ಉದ್ದ ಆದರೂ ಓದಿ.

ಮೊದಲು ಆ ಸೆಲ್ ಯಾಕೆ ಬೇಡ ಅನ್ನೋದು. ನಾವು ಹಾಕುವ 675 ಸೆಲ್ ಜಿಂಕ್ ಏರ್ ಜಾತಿಯದು. ಒಳಗೆ ಸತುವಿನ ಪುಡಿ ತುಂಬಿರುತ್ತದೆ, ಅದಕ್ಕೆ ಬೇಕಾದ ಆಮ್ಲಜನಕ ಹೊರಗಿನ ಗಾಳಿಯಿಂದ ಬರುತ್ತದೆ. ಸ್ಟಿಕ್ಕರ್ ಕಿತ್ತಾಗ ಚಪ್ಪಟೆ ಭಾಗದಲ್ಲಿ ಸಣ್ಣ ಸಣ್ಣ ತೂತು ಕಾಣುತ್ತದಲ್ವಾ, ಗಾಳಿ ಹೋಗುವುದು ಅಲ್ಲಿಂದಲೇ. ಅರ್ಧ ಕೆಲಸ ಗಾಳಿಯೇ ಮಾಡುವುದರಿಂದ ಅಷ್ಟು ಚಿಕ್ಕ ಡಬ್ಬಿಯಲ್ಲಿ ಸುಮಾರು 600 ಎಂಎಎಚ್ ಶಕ್ತಿ ಹಿಡಿಸುತ್ತದೆ. ಅದೇ ಅಳತೆಯ ನಿಕಲ್ ರೀಚಾರ್ಜಬಲ್ ಸೆಲ್‌ನಲ್ಲಿ ಎಲ್ಲ ಸಾಮಾನೂ ಒಳಗೇ ಇರಬೇಕು. ಹಾಗಾಗಿ ಅದರಲ್ಲಿ ಇದರ ಹತ್ತನೇ ಒಂದು ಪಾಲಿನಷ್ಟೂ ಶಕ್ತಿ ಇರಲ್ಲ. ವೋಲ್ಟೇಜೂ ಕಡಿಮೆ, ಜಿಂಕ್ ಏರ್ 1.4 ಇದ್ದರೆ ಅದು 1.2. ಅಂಥ ಸೆಲ್ ಹಿಯರಿಂಗ್ ಏಡ್ ಅನ್ನೋ ಸಾದಾ ಕಿವಿಯ ಮೆಷಿನ್‌ಗಳಿಗೆ ಅಂತ ಬಂದಿದ್ದು. ಇಂಪ್ಲಾಂಟ್ ಎಳೆಯುವ ಕರೆಂಟ್ ಅದಕ್ಕಿಂತ ತುಂಬಾ ಜಾಸ್ತಿ. ಮಗು ಶಾಲೆಯಿಂದ ಮನೆಗೆ ಬರುವ ಮೊದಲೇ ಮೆಷಿನ್ ಆಫ್ ಆಗಿರುತ್ತದೆ.

ಇನ್ನೊಂದು ಇದಕ್ಕಿಂತ ಅಪಾಯದ್ದು. ಇಯರ್‌ಬಡ್‌ಗಳಿಗೆ ಹಾಕುವ ಲಿಥಿಯಂ ಬಟನ್ ಸೆಲ್‌ಗಳು ನೋಡೋಕೆ ಹೆಚ್ಚುಕಡಿಮೆ ಇದೇ ಗಾತ್ರ. ಅವು ಒಂದೊಂದೂ 3.7 ವೋಲ್ಟ್. ಕಿವಿಯ ಹೊರಗೆ ಹಾಕುವ ಮೆಷಿನ್‌ಗೆ ಪ್ರೊಸೆಸರ್ ಅಂತಾರೆ, ಎರಡು ಸೆಲ್ ಹಾಕುವ ಪ್ರೊಸೆಸರ್‌ಗೆ ಬೇಕಾಗಿರುವುದು 2.8ರ ಆಸುಪಾಸು, ಇವೆರಡನ್ನು ಹಾಕಿದರೆ 7 ದಾಟುತ್ತದೆ. ಲಕ್ಷಗಟ್ಟಲೆ ಬೆಲೆಯ ಪ್ರೊಸೆಸರ್ ಸುಟ್ಟುಹೋದರೆ ವಾರಂಟಿಯೂ ಸಿಗಲ್ಲ. ವಾಚ್ ಅಂಗಡಿಯಲ್ಲಿ ಕೊಡುವ ಎಲ್‌ಆರ್ 44 ಸೆಲ್ ಕೂಡ ಅಳತೆಯಲ್ಲಿ 675 ಥರವೇ ಇರುತ್ತದೆ. ನಿಮ್ಮ ಮಾಡೆಲ್‌ನ ಕೈಪಿಡಿಯಲ್ಲಿ ಹೇಳಿರದಿದ್ದರೆ ಅದನ್ನೂ ಹಾಕಬೇಡಿ.

ಹಾಗಾದರೆ ಏನು ಮಾಡೋದು? ಮೊದಲು ನಿಮ್ಮ ಈಗಿನ ಖರ್ಚು ಎಷ್ಟು ಅಂತ ಗಂಟೆ ಲೆಕ್ಕದಲ್ಲಿ ನೋಡಿ. ಒಂದು ಜೋಡಿ ಸೆಲ್ ಹಾಕಿದ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ನಿಂತ ದಿನ ಮತ್ತೆ ಹಾಕಿ. ಎರಡು ಸೆಲ್‌ನ ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ 30ರಿಂದ 60 ಗಂಟೆ ಬರಬೇಕು. ಮಗು ದಿನಕ್ಕೆ 12 ಗಂಟೆ ಹಾಕಿಕೊಂಡರೆ ತಿಂಗಳಿಗೆ 360 ಗಂಟೆ. ಜೋಡಿಗೆ 40 ಗಂಟೆ ಬಂದರೆ ತಿಂಗಳಿಗೆ 18 ಸೆಲ್, 30 ಗಂಟೆ ಬಂದರೆ 24 ಸೆಲ್. ನಿಮ್ಮ ಊರಿನ ಬೆಲೆಯಿಂದ ಗುಣಿಸಿ. ಮೂರು ಸೆಲ್ ಹಾಕುವ ಹಳೆ ಮಾಡೆಲ್ ಇದ್ದರೆ, ಅಥವಾ ಎರಡೂ ಕಿವಿಗೆ ಆಗಿದ್ದರೆ ಲೆಕ್ಕ ಇನ್ನೂ ಮೇಲೆ ಹೋಗುತ್ತದೆ.

ಈ ಗಂಟೆ ಲೆಕ್ಕದಿಂದ ಇನ್ನೊಂದು ಉಪಯೋಗ ಇದೆ. ಜೋಡಿ ಸೆಲ್ 20 ಗಂಟೆಗೇ ಕೈಕೊಡ್ತಿದ್ದರೆ ತಪ್ಪು ಬೇರೆ ಎಲ್ಲೋ ಇದೆ ಅಂತ ಅರ್ಥ. ಅಂಗಡಿಯವರು ಕಿವಿಯ ಮೆಷಿನ್‌ಗೆ ಹಾಕುವ ಸಾದಾ 675 ಕೊಟ್ಟಿರಬಹುದು. ಎರಡಕ್ಕೂ ನೀಲಿ ಬಣ್ಣದ ಗುರುತೇ ಇರುವುದರಿಂದ ಗೊತ್ತಾಗಲ್ಲ. ಪ್ಯಾಕೆಟ್ ಮೇಲೆ 'ಇಂಪ್ಲಾಂಟ್' ಅಥವಾ 'ಕಾಕ್ಲಿಯರ್' ಅಂತ ಬರೆದಿರಲೇಬೇಕು. ಪವರ್ ಒನ್ ಕಂಪನಿಯ ಇಂಪ್ಲಾಂಟ್ ಪ್ಲಸ್, ರೇಯೋವ್ಯಾಕ್‌ನ ಕಾಕ್ಲಿಯರ್ ಸೆಲ್ ಇವೆಲ್ಲ ಆ ಥರದವು. ಹೆಚ್ಚು ಕರೆಂಟ್ ಬೇಕಾಗುವುದರಿಂದ ಇವುಗಳಲ್ಲಿ ಗಾಳಿಗೆ ದಾರಿ ಜಾಸ್ತಿ ಇಟ್ಟಿರುತ್ತಾರೆ. ಸಾದಾದ್ದು ಹತ್ತು ರೂಪಾಯಿ ಅಗ್ಗ ಅಂತ ತಂದರೆ ಬೇಗ ನಿಂತುಹೋಗಿ ಕೊನೆಗೆ ಜಾಸ್ತಿಯೇ ಖರ್ಚಾಗುತ್ತದೆ.

ಸೆಲ್ ಸರಿಯಾಗಿದ್ದೂ ಬೇಗ ಮುಗಿಯುತ್ತಿದ್ದರೆ, ಮೆಷಿನ್‌ನ ಸೆಟ್ಟಿಂಗ್ ಅನ್ನು ಮಗುವಿಗೆ ತಕ್ಕ ಹಾಗೆ ಸರಿಹೊಂದಿಸುವ ಮುಂದಿನ ಮ್ಯಾಪಿಂಗ್‌ನಲ್ಲಿ ಆಡಿಯಾಲಜಿಸ್ಟ್‌ಗೆ ಬಾಯಿಬಿಟ್ಟು ಹೇಳಿ. ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಅನ್ನೋದು ಮ್ಯಾಪ್ ಮೇಲೂ ನಿಂತಿದೆ. ಎಷ್ಟು ವೇಗವಾಗಿ, ಎಷ್ಟು ಅಗಲದ ಪಲ್ಸ್ (ವಿದ್ಯುತ್ ಮಿಡಿತ) ಕೊಡ್ತಾರೆ, ತಲೆಗೆ ಅಂಟಿಕೊಳ್ಳುವ ದುಂಡನೆಯ ಭಾಗ ಅಂದರೆ, ಕಾಯಿಲ್‌ಗೂ ಒಳಗಿನ ಇಂಪ್ಲಾಂಟ್‌ಗೂ ನಡುವೆ ಚರ್ಮ ಎಷ್ಟು ದಪ್ಪ ಇದೆ ಅನ್ನೋದೆಲ್ಲ ಲೆಕ್ಕಕ್ಕೆ ಬರುತ್ತದೆ. ಕೇಳಿಸುವುದಕ್ಕೆ ಧಕ್ಕೆ ಆಗದ ಹಾಗೆ ಸ್ವಲ್ಪ ಸರಿಮಾಡೋಕೆ ಆಗುತ್ತಾ ಅಂತ ಅವರೇ ನೋಡ್ತಾರೆ. ಕೇಳೋಕೆ ದುಡ್ಡು ಖರ್ಚಿಲ್ಲ, ಆದರೆ ನಾವು ಕೇಳದೆ ಅವರಿಗೆ ಗೊತ್ತಾಗಲ್ಲ.

ಈಗ ರೀಚಾರ್ಜಬಲ್ ವಿಷಯ. ಎರಡು ದಾರಿ ಇದೆ.

ಒಂದು, ಕಂಪನಿಯದೇ ಲಿಥಿಯಂ ಬ್ಯಾಟರಿ ಮಾಡ್ಯೂಲ್. ಕಾಕ್ಲಿಯರ್ ಕಂಪನಿಯ ನ್ಯೂಕ್ಲಿಯಸ್ ಪ್ರೊಸೆಸರ್‌ಗಳಿಗೆ ಚಿಕ್ಕದು, ದೊಡ್ಡದು ಎರಡು ಸೈಜಿನಲ್ಲಿ ಬರುತ್ತದೆ. ಮೆಡ್‌ಎಲ್‌ನವರದು ಡಕಾಪೊ ಅಂತ. ಅಡ್ವಾನ್ಸ್ಡ್ ಬಯೋನಿಕ್ಸ್‌ನವರದು ಪವರ್‌ಸೆಲ್. ಕಾನ್ಸೊ 2, ರೊಂಡೊ 3 ಥರದ ಕೆಲವು ಮಾಡೆಲ್‌ಗಳಲ್ಲಿ ಬ್ಯಾಟರಿ ಒಳಗೇ ಇರುತ್ತದೆ, ಬಿಚ್ಚೋಕೆ ಬರಲ್ಲ. ಮಾಡ್ಯೂಲ್ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ, ನಿಜ. ಆದರೆ ಬೆಲೆಯನ್ನು ಬಾಳಿಕೆಯಿಂದ ಭಾಗಿಸಿ ನೋಡಿ. ದಿನಾ ಚಾರ್ಜ್ ಮಾಡಿದರೆ ಲಿಥಿಯಂ ಬ್ಯಾಟರಿ ವರ್ಷಕ್ಕೆ ಸ್ವಲ್ಪ ಸ್ವಲ್ಪ ಸೊರಗುತ್ತಾ ಹೋಗುತ್ತದೆ. ಎರಡು ವರ್ಷ ಅಂತಲೇ ಹಿಡಿದು, ಮಾಡ್ಯೂಲ್ ಮತ್ತು ಚಾರ್ಜರ್ ಎರಡರ ಬೆಲೆ ಕೂಡಿ 24ರಿಂದ ಭಾಗಿಸಿ. ಬಂದ ಮೊತ್ತ ನಿಮ್ಮ ತಿಂಗಳ ಸೆಲ್ ಖರ್ಚಿಗಿಂತ ಕಡಿಮೆ ಇದ್ದರೆ ಕಣ್ಣುಮುಚ್ಚಿ ತೊಗೊಳ್ಳಿ. ಜಾಸ್ತಿ ಇದ್ದರೆ ಸೆಲ್‌ನಲ್ಲೇ ಮುಂದುವರಿಯೋದು ಒಳ್ಳೇದು. ಕೆಲವರ ಮನೆಯಲ್ಲಿ ಸೆಲ್‌ನ ಲೆಕ್ಕವೇ ಅಗ್ಗ ಬರುತ್ತದೆ, ರೀಚಾರ್ಜಬಲ್ ಅಂದ ತಕ್ಷಣ ಉಳಿತಾಯ ಅಂತಿಲ್ಲ. ಕೊಳ್ಳುವ ಮುಂಚೆ ಪ್ರೊಸೆಸರ್ ಮೇಲಿನ ಮಾಡೆಲ್ ನಂಬರ್ ಬರೆದುಕೊಂಡು ಕಂಪನಿಯವರಿಗೆ ಕೇಳಿ. ಒಂದೇ ಕಂಪನಿಯದಾದರೂ ಹಳೆ ಮಾಡೆಲ್‌ನದು ಹೊಸದಕ್ಕೆ ಕೂರದೇ ಇರಬಹುದು.

ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಹಳೆ ಮಾಡ್ಯೂಲ್ ಅಗ್ಗಕ್ಕೆ ಸಿಗುತ್ತದೆ. ಪ್ರೊಸೆಸರ್ ಅಪ್‌ಗ್ರೇಡ್ ಮಾಡಿಸಿದವರು ಕೊಟ್ಟುಬಿಡ್ತಾರೆ. ಚಾರ್ಜರ್ ಹಳೆಯದಾದರೆ ಪರವಾಗಿಲ್ಲ, ಧಾರಾಳವಾಗಿ ತೊಗೊಳ್ಳಿ. ಬ್ಯಾಟರಿ ಮಾತ್ರ ಪೂರ್ತಿ ಚಾರ್ಜ್‌ನಲ್ಲಿ ಎಷ್ಟು ಗಂಟೆ ಬರುತ್ತದೆ ಅಂತ ಹಾಕಿ ನೋಡಿದ ಮೇಲೆ ದುಡ್ಡು ಕೊಡಿ. ಸುಮ್ನೆ ಡ್ರಾಯರ್‌ನಲ್ಲಿ ಇದ್ದ ಲಿಥಿಯಂ ಬ್ಯಾಟರಿಗೂ ವಯಸ್ಸಾಗುತ್ತದೆ.

ಎರಡನೇ ದಾರಿ ಹೆಚ್ಚಿನವರಿಗೆ ಗೊತ್ತಿಲ್ಲ. ಕೆಲವು ಪ್ರೊಸೆಸರ್‌ಗಳಿಗೆ ರಿಮೋಟ್‌ಗೆ ಹಾಕುವಂಥ ಎಎಎ ಸೆಲ್‌ನ ಪ್ಯಾಕ್ ಸಿಗುತ್ತದೆ. ಪ್ಯಾಕ್ ಅನ್ನು ಮಗುವಿನ ಅಂಗಿಗೆ ಸಿಕ್ಕಿಸಿ, ಅಲ್ಲಿಂದ ಒಂದು ತೆಳು ವೈರ್ ಕಿವಿಯ ಭಾಗಕ್ಕೆ ಹೋಗುತ್ತದೆ. ಅಡ್ವಾನ್ಸ್ಡ್ ಬಯೋನಿಕ್ಸ್‌ನಲ್ಲಿ ಇದೆ, ಮೆಡ್‌ಎಲ್‌ನ ಕೆಲವು ಮಾಡೆಲ್‌ಗಳಲ್ಲೂ ಇದೆ. ಅಡ್ವಾನ್ಸ್ಡ್ ಬಯೋನಿಕ್ಸ್‌ನ ನೆಪ್ಟ್ಯೂನ್ ಅಂತೂ ಒಂದೇ ಎಎಎ ಸೆಲ್‌ನಲ್ಲಿ ನಡೆಯುತ್ತದೆ. ನಿಮ್ಮ ಮಾಡೆಲ್‌ಗೆ ಇಂಥ ಪ್ಯಾಕ್ ಇದ್ದು, ನಿಕಲ್ ರೀಚಾರ್ಜಬಲ್ ಸೆಲ್ ಹಾಕಬಹುದು ಅಂತ ಕೈಪಿಡಿಯಲ್ಲಿ ಬರೆದಿದ್ದರೆ, ನೀವು ಹುಡುಕುತ್ತಿರುವ ಅಗ್ಗದ ಬ್ಯಾಟರಿ ಅದೇ. ಪ್ಯಾನಾಸೋನಿಕ್ ಎನೆಲೂಪ್ ಥರದ ಒಳ್ಳೆ ಎಎಎ ಸೆಲ್ ನಾಲ್ಕು ತಂದಿಟ್ಟರೆ ನೂರಾರು ಸಲ ಚಾರ್ಜ್ ಮಾಡಬಹುದು, ಸುಮ್ನೆ ಇಟ್ಟರೂ ಬೇಗ ಖಾಲಿ ಆಗಲ್ಲ. ಚಿಕ್ಕ ಮಕ್ಕಳಿಗೆ ಇನ್ನೊಂದು ಅನುಕೂಲ, ಕಿವಿಯ ಮೇಲೆ ಭಾರ ಕಡಿಮೆ ಆಗುತ್ತದೆ. ವೈರ್ ಆಟ ಆಡುವಾಗ ಸಿಕ್ಕಿಹಾಕಿಕೊಳ್ಳುತ್ತೆ ಅನ್ನೋದೊಂದೇ ತೊಂದರೆ. ಅಂಗಿಯ ಒಳಗಿಂದ ತಂದು ಕಾಲರ್ ಹತ್ತಿರ ಪಿನ್ ಮಾಡಿದರೆ ನಡೆಯುತ್ತದೆ. ಯುಎಸ್‌ಬಿ ಕೇಬಲ್ ಚುಚ್ಚಿ ಚಾರ್ಜ್ ಮಾಡುವ 1.5 ವೋಲ್ಟ್ ಲಿಥಿಯಂ ಎಎಎ ಬರುತ್ತವಲ್ವಾ, ಅವನ್ನು ಆಡಿಯಾಲಜಿಸ್ಟ್ ಒಪ್ಪದೆ ಹಾಕಬೇಡಿ.

ಸೆಲ್‌ನಲ್ಲೇ ಮುಂದುವರಿಯುವುದಾದರೆ ಕಾರ್ಡ್ ಲೆಕ್ಕದಲ್ಲಿ ಕೊಳ್ಳಬೇಡಿ. ಕಾರ್ಡ್‌ನಲ್ಲಿ 6 ಇರುತ್ತದೆ, ಡಬ್ಬದಲ್ಲಿ 60. ಮಾತು ಕಲಿಸುವ ಥೆರಪಿಗೆ ಬರುವ ಇನ್ನೊಂದಿಬ್ಬರು ಪೋಷಕರ ಜೊತೆ ಸೇರಿ ಡಬ್ಬ ತರಿಸಿ ಹಂಚಿಕೊಳ್ಳಿ. ಪ್ಯಾಕೆಟ್ ಮೇಲಿನ ತಾರೀಖು ನೋಡಿ, ಹಳೆ ಸ್ಟಾಕ್ ಬೇಡ. ಫ್ರಿಜ್‌ನಲ್ಲಿ ಇಡಬೇಡಿ, ತೇವ ಕೂರುತ್ತದೆ. ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಿ, ಗಾಳಿ ಒಳಗೆ ಹೋಗಲಿ. ಕಿತ್ತ ಸ್ಟಿಕ್ಕರ್ ಮತ್ತೆ ಅಂಟಿಸಿದರೆ ಸೆಲ್ ಉಳಿಯಲ್ಲ. ಹಳೆಯದೊಂದು ಹೊಸದೊಂದು ಬೆರೆಸಬೇಡಿ. ರಾತ್ರಿ ಮೆಷಿನ್ ಅನ್ನು ಸಿಲಿಕಾ ಜೆಲ್ ಡಬ್ಬಿಯಲ್ಲಿ ಇಡುವಾಗ ಸೆಲ್ ಹೊರಗೆ ತೆಗೆದಿಡಿ, ಇಲ್ಲದಿದ್ದರೆ ಒಣಗಿಹೋಗುತ್ತದೆ. ಚಳಿಗೆ ಅಂತ ಉಣ್ಣೆ ಟೋಪಿ ಬಿಗಿಯಾಗಿ ಹಾಕಿದರೆ ಬ್ಯಾಟರಿ ಮುಚ್ಚಳದ ಗಾಳಿ ಕಿಂಡಿ ಮುಚ್ಚಿಹೋಗುತ್ತದೆ. ಆಗ ಹೊಸ ಸೆಲ್ ಕೂಡ ಸತ್ತ ಹಾಗೆ ಆಡುತ್ತದೆ. ಬೆವರು ಕೂತರೂ ಅಷ್ಟೇ, ಒಣ ಬಟ್ಟೆಯಲ್ಲಿ ಒರೆಸಿ ಸ್ವಲ್ಪ ಹೊತ್ತು ತೆರೆದಿಟ್ಟರೆ ಮತ್ತೆ ಹತ್ತಿಕೊಳ್ಳುತ್ತದೆ.

ಜಿಂಕ್ ಏರ್ ಸೆಲ್ ಕೊನೆವರೆಗೂ ಚೆನ್ನಾಗಿ ಓಡಿ, ಆಮೇಲೆ ಒಮ್ಮೆಗೇ ನಿಲ್ಲುತ್ತದೆ. ನನ್ನ ಮಗ ಚಿಕ್ಕವನಿದ್ದಾಗ ಮೆಷಿನ್ ನಿಂತ ತಕ್ಷಣ ಕಾಯಿಲ್ ಕಿತ್ತು ನನ್ನ ಕೈಗೆ ಕೊಟ್ಟು ಬಾಯಿ ತೆರೆದು ತೋರಿಸ್ತಿದ್ದ, ಆಫ್ ಅನ್ನೋ ಪದ ಇನ್ನೂ ಬಂದಿರಲಿಲ್ಲ. ಎಲ್ಲ ಮಕ್ಕಳೂ ಹಾಗೆ ಹೇಳಲ್ಲ. ಎಷ್ಟೋ ಮಕ್ಕಳು ಕೇಳಿಸದೆ ಇದ್ದರೂ ಸುಮ್ನೆ ಕೂತಿರ್ತಾರೆ, ಟೀಚರ್‌ಗೆ ಮಗು ಗಮನ ಕೊಡ್ತಿಲ್ಲ ಅಂತ ಅನ್ನಿಸುತ್ತದೆ. ಅದಕ್ಕೆ ಬ್ಯಾಗಿನಲ್ಲಿ ಒಂದು ಜೋಡಿ ಸೆಲ್ ಯಾವಾಗಲೂ ಇರಲಿ, ಬದಲಾಯಿಸೋದನ್ನು ಟೀಚರ್‌ಗೆ ಕಲಿಸಿಕೊಡಿ. ರೀಚಾರ್ಜಬಲ್ ತೊಗೊಂಡ ಮೇಲೂ ಕರೆಂಟ್ ಹೋಗುವ ದಿನಗಳಿಗೆ ಒಂದು ಕಾರ್ಡ್ ಸೆಲ್ ಮನೆಯಲ್ಲಿರಲಿ. ಉಳಿಸೋಣ ಅಂತ ಮನೆಯಲ್ಲಿದ್ದಾಗ ಮೆಷಿನ್ ತೆಗೆದಿಡುವ ಪೋಷಕರನ್ನು ನೋಡಿದ್ದೇನೆ, ಅವರ ಕಷ್ಟ ನನಗೆ ಅರ್ಥ ಆಗುತ್ತದೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಈ ವಯಸ್ಸಿನಲ್ಲಿ ಮಗು ಮಾತು ಕಲಿಯೋದು ಅಡುಗೆಮನೆಯ ಗದ್ದಲದಲ್ಲಿ, ಅಜ್ಜಿ ಬೈಯೋದರಲ್ಲಿ, ಅಕ್ಕಪಕ್ಕದವರ ಹರಟೆಯಲ್ಲಿ. ಥೆರಪಿಯ ಒಂದು ಗಂಟೆ ಸಾಲಲ್ಲ.

ದುಡ್ಡಿನ ಸಹಾಯದ ಬಗ್ಗೆ. ಆಪರೇಷನ್ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಆಗಿದ್ದರೆ ಅದರ ನೋಡಲ್ ಸಂಸ್ಥೆ ಮುಂಬೈನ ಅಲಿ ಯಾವರ್ ಜಂಗ್ ಸಂಸ್ಥೆ. ರಾಜ್ಯದ ಕಡೆಯಿಂದ ಆಗಿದ್ದರೆ ಜಿಲ್ಲಾಸ್ಪತ್ರೆಯ ಡಿಇಐಸಿ (ಮಕ್ಕಳ ತೊಂದರೆ ಬೇಗ ಪತ್ತೆ ಮಾಡಿ ನೆರವಾಗುವ) ಕೇಂದ್ರದಲ್ಲಿ ಕೇಳಿ. ಯಾವ ಬಿಡಿಭಾಗ, ಎಷ್ಟು ವರ್ಷದವರೆಗೆ ಸಿಗುತ್ತದೆ ಅನ್ನೋದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಇನ್ನೊಂದು ನಿಮ್ಮ ಊರಿನಲ್ಲೇ ಇದೆ. ಗ್ರಾಮ ಪಂಚಾಯ್ತಿ, ಪುರಸಭೆಗಳು ತಮ್ಮ ಸ್ವಂತ ಆದಾಯದಲ್ಲಿ 5% ಅಂಗವಿಕಲರಿಗೆ ಎತ್ತಿಡಬೇಕು. ಆ ದುಡ್ಡು ಎಷ್ಟೋ ಕಡೆ ಕೇಳುವವರಿಲ್ಲದೆ ಹಾಗೇ ಉಳಿಯುತ್ತದೆ. ಪಂಚಾಯ್ತಿಯ ವಿಆರ್‌ಡಬ್ಲ್ಯು, ತಾಲ್ಲೂಕಿನ ಎಂಆರ್‌ಡಬ್ಲ್ಯು ಅಂತ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಹಿಡಿಯಿರಿ. ಮಗಳ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಆಡಿಯಾಲಜಿಸ್ಟ್ ಬರೆದುಕೊಟ್ಟ ಚೀಟಿ, ಕಂಪನಿಯ ಕೊಟೇಷನ್ ಮೂರನ್ನೂ ಲಗತ್ತಿಸಿ ಪಿಡಿಒಗೆ ಅರ್ಜಿ ಕೊಟ್ಟು ಸ್ವೀಕೃತಿ ತೊಗೊಳ್ಳಿ. ತಿಂಗಳ ಸೆಲ್‌ಗೆ ಅಂತ ಕೇಳಿದರೆ ಅವರಿಗೂ ಕಷ್ಟ. ಒಂದು ಸಲದ ಮಾಡ್ಯೂಲ್, ಚಾರ್ಜರ್‌ಗೆ ಅಂತ ಕೇಳಿದರೆ ಸುಲಭ. ಊರಿನ ರೋಟರಿ, ಲಯನ್ಸ್ ಕ್ಲಬ್‌ನವರನ್ನೂ ಇದೇ ಕಾಗದ ಹಿಡಿದು ಕೇಳಬಹುದು.

ಒಂದು ಎಚ್ಚರಿಕೆ. ಬಟನ್ ಸೆಲ್ ಮಕ್ಕಳ ಕೈಗೆ ಸಿಗಬಾರದು, ಖಾಲಿಯಾದ ಸೆಲ್ ಕೂಡ. ಬ್ಯಾಟರಿ ಮುಚ್ಚಳಕ್ಕೆ ಲಾಕ್ ಇದ್ದರೆ ಅದನ್ನು ಹಾಕೇ ಇಡಿ. ನುಂಗಿದೆ ಅನ್ನೋ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸೋಕೆ ಹೋಗದೆ ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ತಕ್ಷಣ ಓಡಿ. ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟ ಗಾಯ ಆಗಬಹುದು.

ನಿಮ್ಮ ಪ್ರೊಸೆಸರ್‌ನ ಕಂಪನಿ, ಮಾಡೆಲ್ ನಂಬರ್, ಈಗ ಒಂದು ಜೋಡಿ ಎಷ್ಟು ಗಂಟೆ ಬರ್ತಿದೆ ಅನ್ನೋ ಮೂರು ವಿಷಯ ಕೆಳಗೆ ಬರೆಯಿರಿ. ಅದಕ್ಕೆ ಎಎಎ ಪ್ಯಾಕ್ ಇದೆಯಾ, ಯಾವ ಮಾಡ್ಯೂಲ್ ಕೂರುತ್ತದೆ ಅಂತ ಹುಡುಕಿ ಹೇಳ್ತೇನೆ. ಅದೇ ಮಾಡೆಲ್ ಇರುವ ಬೇರೆ ಪೋಷಕರು ಇಲ್ಲಿದ್ದರೆ ಅವರೂ ತಮ್ಮ ಗಂಟೆ ಲೆಕ್ಕ ಹಾಕಲಿ.